ಹೊಕ್ಕಳಿಗೆ ಹಚ್ಚಿದ ಬೂದಿ

ಮೊದಲ ಸಲ ರಕ್ತ ಕಂಡಾಗ ನಾನು ಮಗಳ ಬೆನ್ನಿಗೆ ಎರಡು ಗುದ್ದಿದೆ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆಯೋಣ ಎಂದುಕೊಂಡರೆ ಕೈ ನನಗೆ ಅನುಕೂಲವಾಗುವ ಹಾಗೆ ಏನಾದರೂ ತಿರುಗಿಸಿ ಬರೆದೀತು.

ಹೋದ ವರ್ಷದ ನಾಟಿಯ ದಿನಗಳು. ಶಾರದೆಗೆ ಎರಡು ದಿನದಿಂದ ನೆಗಡಿ, ಮೈಬಿಸಿ. ಶಿರಾಳಕೊಪ್ಪದ ಅಂಗಡಿಯಿಂದ ತರಿಸಿದ ಜ್ವರದ ಮಾತ್ರೆ ನುಂಗಿಸಿದ್ದೆ. ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದವಳು ಬಗ್ಗಿ ಉಗುಳಿದಳು. ನೆಲ ಕೆಂಪಾಯಿತು. ನಮ್ಮತ್ತೆ ಹಾಲಮ್ಮನವರ ಎಲೆಯಡಿಕೆ ಚೀಲಕ್ಕೆ ಅವಳು ಆಗಾಗ ಕೈಹಾಕುವುದು ನನಗೆ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಮುದುಕಿಯ ಹಾಗೆ ತುಟಿ ಕೆಂಪು ಮಾಡಿಕೊಂಡು ತಿರುಗಿದರೆ ನನಗೆ ಮೈಯುರಿ.

"ಜ್ವರ ಬಂದೋಳಿಗೆ ಎಲೆಯಡಿಕೆ ಬೇರೆ ಕೇಡು!" ಎಂದು ಗುದ್ದಿದೆ.

ಅವಳು ತಿರುಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಎರಡನೆಯ ಸಲ ಬಂದದ್ದು ಒಂದು ತಂಬಿಗೆಯಷ್ಟು. ಕರಿಗೆಂಪು, ಗಡ್ಡೆ ಗಡ್ಡೆ.

ಅದು ಎಲೆಯಡಿಕೆಯಲ್ಲ.

ನಾನು ಕಿರುಚಿದ್ದು ಗದ್ದೆಯವರೆಗೂ ಕೇಳಿಸಿತಂತೆ. ಯಜಮಾನರು ಕೆಸರುಗಾಲಲ್ಲೇ ಓಡಿ ಬಂದರು. ಅತ್ತೆ ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಊರವರು ಬಂದು ನೋಡಿ ಕ್ಷಯ ಎಂದು ಪಿಸುಗುಟ್ಟಿದರು. ಆದರೆ ಶಾರದೆಗೆ ಕೆಮ್ಮು ಇರಲಿಲ್ಲ, ಮೈಯಿಳಿದಿರಲಿಲ್ಲ. ಇದ್ದದ್ದು ಒಂದೇ, ಎಡ ಪಕ್ಕೆಯ ಕೆಳಗೆ ಐದನೆಯ ವರ್ಷದಿಂದ ಬೆಳೆಯುತ್ತಿದ್ದ ಗಡ್ಡೆ. ನಮ್ಮ ಕಡೆ ಅದೇನು ದೊಡ್ಡ ಸುದ್ದಿಯಲ್ಲ. ಮಲೇರಿಯಾದ ಕಾಲದಲ್ಲಿ ಜ್ವರಗಡ್ಡೆ ಇಲ್ಲದ ಮನೆಯನ್ನೇ ಹುಡುಕಬೇಕಾಗಿತ್ತು. ಜ್ವರಗಡ್ಡೆಗೆ ಮದ್ದು ಬರೆ. ನಾನೊಮ್ಮೆ ಸೊರಬದ ಕಡೆ, ಜಡೆ ಎಂಬ ಊರಿನ ತವರಿಗೆ ಹೋಗಿದ್ದಾಗ, ಅತ್ತೆ ಆರು ವರ್ಷದ ಮಗುವನ್ನು ಎತ್ತಿಕೊಂಡು ಹೋಗಿ ಹೊಟ್ಟೆಗೆ ಕಾದ ಕಬ್ಬಿಣದ ಬರೆ ಹಾಕಿಸಿಕೊಂಡು ಬಂದಿದ್ದರು. ಮೂರು ಗೆರೆ. ಈಗಲೂ ಬೆಳ್ಳಗೆ ಕಾಣುತ್ತವೆ.

ಆಮೇಲಿನ ಆರು ವರ್ಷ ನಾನು ಅತ್ತೆಗೆ ಆ ಬರೆಯನ್ನು ಮರೆಯಲು ಬಿಡಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಅವರೆಂದರೆ, "ಕೂಸಿನ ಹೊಟ್ಟೆ ಸುಟ್ಟೋರಿಗಿಂತ ಉಪ್ಪು ಜಾಸ್ತಿ ಹಾಕಿದೋರು ವಾಸಿ" ಎನ್ನುತ್ತಿದ್ದೆ. ನನ್ನ ನಾಲಿಗೆ ಮೊದಲಿನಿಂದಲೂ ಹರಿತ. ಅತ್ತೆಯದೂ ಮೊಂಡೇನಲ್ಲ. ಆದರೆ ಬರೆಯ ಮಾತು ಬಂದರೆ ಮಾತ್ರ ಅವರು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಗೆದ್ದೆ ಎಂದುಕೊಳ್ಳುತ್ತಿದ್ದೆ.

ನಡುವೆ ಸರ್ಕಾರದವರು ಬಂದು ಮನೆ ಮನೆಯ ಗೋಡೆಗೂ ಡಿಡಿಟಿ ಹೊಡೆದರು. ಊರಿನ ಜ್ವರ ಇಳಿಯಿತು. ಬೇರೆ ಮಕ್ಕಳ ಗಡ್ಡೆ ತಾನೇ ಕರಗಿತು. ಶಾರದೆಯದು ಕರಗಲಿಲ್ಲ, ಬೆಳೆಯಿತು. ಆಗಲಾದರೂ ಯೋಚನೆ ಮಾಡಬೇಕಿತ್ತು. ಹುಡುಗಿ ಓಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ಎರಡು ರೊಟ್ಟಿ ತಿನ್ನುತ್ತಾಳೆ, ಮತ್ತೇನು ಎಂದು ಸುಮ್ಮನಿದ್ದೆವು.

ಶಿವಮೊಗ್ಗದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ. ಶಿಕಾರಿಪುರ ದಾಟಿದ ಮೇಲೆ ಅವಳ ಕೈ ತಣ್ಣಗಾಗಿತ್ತು ಎನ್ನುವುದೊಂದು ನೆನಪಿದೆ. ಅಲ್ಲಿ ಬಾಟಲಿಯಲ್ಲಿ ಗ್ಲುಕೋಸ್ ಕೊಟ್ಟರು, ಯಜಮಾನರ ತೋಳಿನಿಂದ ರಕ್ತ ತೆಗೆದು ಅವಳಿಗೆ ಹಾಕಿದರು. ಮೂರನೆಯ ದಿನಕ್ಕೆ ವಾಂತಿ ನಿಂತಿತು. ಅಲ್ಲಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಹೇಳಿದರು. "ಇದು ಮಲೇರಿಯಾದ್ದಲ್ಲ. ಲಿವರಿಗೆ ಸಂಬಂಧಪಟ್ಟದ್ದು. ಬೆಂಗಳೂರಿಗೆ ಕರೆದುಕೊಂಡು ಹೋಗಿ. ತಡಮಾಡಬೇಡಿ."

ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೋಗುವುದೆಂದು ಮಾತಾಗಿತ್ತು. ಅವರು ಸೀರೆಯ ಗಂಟು ಕಟ್ಟಿಕೊಂಡು ನಮಗಿಂತ ಮೊದಲೇ ಶಿವಮೊಗ್ಗದ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದ್ದರು. "ನೀ ಅಲ್ಲಿ ಡಾಕ್ಟರ ಮುಂದ ನನ್ನ ಮ್ಯಾಲೆ ಚಾಡಿ ಹೇಳೋದು ನಾನೂ ಕೇಳಬೇಕಲ್ಲ" ಎಂದರು. ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸರ್ಜನ್ ಎತ್ತರದ ಮನುಷ್ಯ. ಮಾತು ಕಡಿಮೆ. ಶಾರದೆಯ ಹೊಟ್ಟೆಯ ಮೇಲಿನ ಮೂರು ಗೆರೆಗಳ ಮೇಲೆ ಬೆರಳಾಡಿಸಿದರು. ನಾನು ಕಾದಿದ್ದೆ. "ಬರೆ ಹಾಕಿಸಿದ್ದರಿಂದಲೇ ಹಿಂಗಾಗಿದ್ದು ಅಲ್ವಾ ಡಾಕ್ಟರೇ?" ಎಂದೆ, ಅತ್ತೆಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ.

"ಇದರಿಂದಲ್ಲಮ್ಮ. ಇದು ಚರ್ಮ ಸುಟ್ಟಿದೆ, ಅಷ್ಟೆ. ಒಳಗೆ ಹೋಗಿಲ್ಲ."

ಆರು ವರ್ಷದ ನನ್ನ ಆಯುಧ ಒಂದು ಮಾತಿಗೆ ಮೊಂಡಾಯಿತು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

ಡಾಕ್ಟರು ಯಜಮಾನರನ್ನು ಏನು ಕೆಲಸ ಎಂದು ಕೇಳಿದರು. ನಮ್ಮ ಯಜಮಾನರು ಊರ ಕೆರೆಯ ನೀರುಗಂಟಿ. ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವ ಕೆಲಸ. ಡಾಕ್ಟರು ಒಂದು ಕಾಗದ ತೆಗೆದುಕೊಂಡು ಗೆರೆ ಎಳೆದರು.

"ಕರುಳಿನ ರಕ್ತ, ಎಡ ಪಕ್ಕೆಯ ಈ ಸ್ಪ್ಲೀನಿನ, ಅಂದರೆ ಗುಲ್ಮದ ರಕ್ತ ಎಲ್ಲ ಸೇರಿ ಒಂದು ದೊಡ್ಡ ನಾಳದಲ್ಲಿ ಲಿವರಿಗೆ ಹೋಗುತ್ತೆ. ಅದಕ್ಕೆ ಪೋರ್ಟಲ್ ವೇನ್ ಅಂತೀವಿ. ನಾವು ತಿಂದದ್ದರ ಸಾರ ಲಿವರಿಗೆ ಮುಟ್ಟುವ ದಾರಿ ಅದು. ಆರೋಗ್ಯವಾಗಿದ್ದರೆ ಒತ್ತಡವಿಲ್ಲದೆ ಹರಿಯುತ್ತೆ. ಅಲ್ಲಿ ತಡೆಯಾದರೆ ರಕ್ತ ಹಿಂದೆ ನಿಂತುಕೊಳ್ಳುತ್ತೆ. ಸ್ಪ್ಲೀನ್ ಊದುತ್ತೆ. ನೀವು ಜ್ವರಗಡ್ಡೆ ಅಂದುಕೊಂಡದ್ದು ಅದೇ. ಆಮೇಲೆ ರಕ್ತ ಬೇರೆ ದಾರಿ ಹುಡುಕುತ್ತೆ. ಅನ್ನನಾಳದಲ್ಲಿರುವ ಸಣ್ಣ ನಾಳಗಳಿಗೆ ನುಗ್ಗಿ ಅವು ಉಬ್ಬಿ ಒಡೆಯುತ್ತವೆ. ಆಗ ವಾಂತಿ. ಕೆಲವು ಜ್ವರದ ಮಾತ್ರೆಯೂ ಇಂಥವರಿಗೆ ಆಗಿಬರೋದಿಲ್ಲ."

"ತೂಬು ಕಟ್ಕಂಡೈತಿ ಅನ್ರಿ" ಎಂದರು ಯಜಮಾನರು. "ನೀರು ಹಿಂದ ನಿಂತು, ಏರಿ ತೆಳ್ಳಗಿದ್ದಲ್ಲಿ ಒಡದೈತಿ."

"ಸರಿಯಾಗಿ ಹೇಳಿದಿರಿ. ಆದರೆ ತೂಬು ಕಟ್ಟಿದೆಯೋ, ಅಥವಾ ಲಿವರೇ ಗಟ್ಟಿಯಾಗಿ ರಕ್ತ ಒಳಗೆ ಬಿಡುತ್ತಿಲ್ಲವೋ, ಅದು ನನಗಿನ್ನೂ ಗೊತ್ತಿಲ್ಲ. ಲಿವರ್ ಕೆಟ್ಟಿದ್ದರೆ ಆಪರೇಷನ್ ತಾಳಿಕೊಳ್ಳಲಾರಳು. ತೂಬು ಮಾತ್ರ ಕಟ್ಟಿದ್ದರೆ ಆಸೆ ಇದೆ."

ಆಮೇಲೆ ನನ್ನ ಕಡೆ ತಿರುಗಿದರು.

"ಹುಟ್ಟಿದಾಗ ಮಗುವಿನ ಹೊಕ್ಕಳು ಕೆಟ್ಟಿತ್ತೇನಮ್ಮ? ಕೀವು, ವಾಸನೆ, ಏನಾದರೂ?"

"ಇಲ್ಲ" ಎಂದೆ.

ಸುಳ್ಳು. ಅಷ್ಟು ಬೇಗ ಬಾಯಿಂದ ಬಂತು, ನನಗೇ ಆಶ್ಚರ್ಯ.

ನಡೆದದ್ದನ್ನು ಬರೆಯುತ್ತೇನೆ. ಶಾರದೆ ನನ್ನ ಚೊಚ್ಚಲು. ಚೊಚ್ಚಲ ಹೆರಿಗೆ ತವರಲ್ಲಿ. ನಮ್ಮ ಮನೆಗಳಲ್ಲಿ ಹೊಕ್ಕಳು ಬೀಳದ ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ. ಹನ್ನೆರಡನೆಯ ದಿನಕ್ಕೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡಿದ್ದರು, ಗಂಡನ ಮನೆಯವರಿಗೆ ಹೇಳಿಕಳಿಸಿಯೂ ಆಗಿತ್ತು. ಒಂಬತ್ತು ದಿನವಾದರೂ ಹೊಕ್ಕಳು ಬೀಳಲಿಲ್ಲ. ಬೀಗರು ಬಂದು ನೋಡಿದರೆ, ಜಡೆಯವರಿಗೆ ಬಾಣಂತನ ಮಾಡಲು ಬರುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಾರೆ ಎಂದು ನನ್ನವ್ವ ಹೆದರಿದಳು. ಬೆರಣಿಯ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚಿದರೆ ಬೇಗ ಒಣಗುತ್ತದೆ ಎಂದಳು. ಅವಳು ದಿನಕ್ಕೊಂದು ಸಲ ಹಚ್ಚು ಎಂದಿದ್ದಳು. ನಾನು ಮೂರು ಸಲ ಹಚ್ಚಿದೆ. ಹತ್ತನೆಯ ದಿನ ಬಿತ್ತು. ಹನ್ನೊಂದನೆಯ ದಿನ ಸುತ್ತಲೂ ಕೆಂಪು, ಕೀವು. ಮಗು ಹಾಲು ಬಿಟ್ಟಿತು. ಹನ್ನೆರಡನೆಯ ದಿನ ಅದರ ಹೊಟ್ಟೆಗೆ ಹಳೆಯ ಪಂಚೆಯ ತುಂಡನ್ನು ಎರಡು ಸುತ್ತು ಸುತ್ತಿ, ಮೇಲೆ ರೇಶಿಮೆಯ ಅಂಗಿ ತೊಡಿಸಿ ಅತ್ತೆಯ ಕೈಗೆ ಕೊಟ್ಟೆವು. ಯಾರಿಗೂ ತಿಳಿಯಲಿಲ್ಲ. ಹದಿನೈದು ದಿನಕ್ಕೆ ಕೀವು ತಾನೇ ಒಣಗಿತು. ಗೆದ್ದೆವು ಎಂದುಕೊಂಡೆವು.

ಅವ್ವ ಈಗಿಲ್ಲ. ಸತ್ತವರ ಮೇಲೆ ಹೊರಿಸುವುದು ಬಹಳ ಸುಲಭ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನೂ ಯೋಚಿಸಿದೆ. ಆದರೆ ಬೂದಿ ಅದ್ದಿದ ಬೆರಳು ನನ್ನದು.

ಮೂರು ದಿನ ಹೇಳಲಿಲ್ಲ. ಹೆಂಗಸರ ವಾರ್ಡಿನಲ್ಲಿ ರೋಗಿಯ ಹತ್ತಿರ ಒಬ್ಬರೇ ಇರಬೇಕು. ಬೆಳಿಗ್ಗೆ ನಾನು, ಮಧ್ಯಾಹ್ನ ಅತ್ತೆ. ಯಜಮಾನರು ನಾವು ಇಳಿದುಕೊಂಡಿದ್ದ ಛತ್ರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೂಬಿನ ಕಥೆ ಹೇಳಿಕೊಂಡು ಅರ್ಧ ಡಾಕ್ಟರಾಗಿದ್ದರು. ಒಬ್ಬ ಸಣ್ಣ ಡಾಕ್ಟರು ಬಂದು ಹೇಳಿಹೋದರು. ಸ್ಪ್ಲೀನಿಗೆ ಸೂಜಿ ಚುಚ್ಚಿ ಬಣ್ಣದ ಔಷಧಿ ಬಿಟ್ಟು ಎಕ್ಸ್-ರೇ ತೆಗೆದರೆ ತಡೆ ಎಲ್ಲಿದೆ ಎಂದು ಕಾಣುತ್ತದೆ. ಆದರೆ ಸೂಜಿ ಹಾಕಿದ ಜಾಗದಲ್ಲಿ ರಕ್ತ ನಿಲ್ಲದೆಯೂ ಹೋಗಬಹುದು. ಲಿವರ್ ಕೆಟ್ಟಿರುವ ಹಾಗಿದ್ದರೆ ಆ ಹಿಂಸೆ ಕೊಟ್ಟು ಪ್ರಯೋಜನವಿಲ್ಲ, ಊರಿಗೆ ಕರೆದುಕೊಂಡು ಹೋಗುವುದೇ ವಾಸಿ ಎಂದು ದೊಡ್ಡವರ ಯೋಚನೆ.

ಊರಿಗೆ ಕರೆದುಕೊಂಡು ಹೋಗಿ ಏನಕ್ಕೆ ಕಾಯಬೇಕು ಎಂದು ನಾನು ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಾಲು ಕುಡಿಸುತ್ತಿದ್ದಾಗ ಶಾರದೆ ನನ್ನ ಕೈ ಹಿಡಿದಳು. "ಅವ್ವಾ, ಬರ್ತದೆ" ಎಂದಳು. ಅಷ್ಟೆ. ಮತ್ತೆ ಅದೇ ಕೆಂಪು, ಬಿಳಿ ಹಾಸಿಗೆಯ ಮೇಲೆ. ನರ್ಸುಗಳು ಓಡಿ ಬಂದರು. ಮೂಗಿನಿಂದ ರಬ್ಬರ್ ನಳಿಗೆ ಇಳಿಸಿ ಒಳಗೆ ಗಾಳಿ ತುಂಬಿ ರಕ್ತ ಒತ್ತಿ ಹಿಡಿದರು. ನನ್ನನ್ನು ಹೊರಗೆ ಕಳಿಸಿದರು.

ಹೊರಗೆ ಕಾರಿಡಾರಿನಲ್ಲಿ ಸರ್ಜನ್ ಬರುತ್ತಿದ್ದರು. ಹಿಂದೆಯೇ ಅತ್ತೆ. ನಾನು ಇಬ್ಬರನ್ನೂ ನೋಡಿದೆ. ಅತ್ತೆ ಇಲ್ಲದ ಸಮಯ ನೋಡಿ ಹೇಳೋಣ ಎಂದರೆ ಇನ್ನು ಸಮಯವೇ ಉಳಿದಿರಲಿಲ್ಲ.

"ಸುಳ್ಳು ಹೇಳಿದೆ ಡಾಕ್ಟರೇ" ಎಂದೆ. "ಹೊಕ್ಕಳು ಕೆಟ್ಟಿತ್ತು. ಕೀವಾಗಿತ್ತು. ನಾನೇ ಬೂದಿ ಹಚ್ಚಿದ್ದು. ಅತ್ತೆಯೋರಿಗೂ ತಿಳೀದಂಗೆ ಮುಚ್ಚಿಟ್ಟಿದ್ದೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬೇರೆಯಾಯಿತು. ಎಷ್ಟು ದಿನ ಕೀವು, ಜ್ವರ ಇತ್ತೇ, ಯಾವಾಗಲಾದರೂ ಕಣ್ಣು ಹಳದಿಯಾಗಿತ್ತೇ ಎಂದು ಒಂದೊಂದಾಗಿ ಕೇಳಿದರು. ಹೇಳಿದೆ. ಹೊಕ್ಕಳಿನಿಂದ ಒಳಗೆ ಒಂದು ನಾಳ ನೇರ ಪೋರ್ಟಲ್ ವೇನಿಗೆ ಹೋಗುತ್ತದಂತೆ. ಕೀವು ಆ ದಾರಿಯಲ್ಲಿ ಒಳಗೆ ಹೋಗಿ, ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿರಬಹುದು. ಹಾಗಾಗಿದ್ದರೆ ಲಿವರ್ ಚೆನ್ನಾಗಿಯೇ ಇರುತ್ತದೆ.

"ಇದನ್ನು ಮೊದಲೇ ಹೇಳಬೇಕಿತ್ತಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ರಕ್ತ ನಿಂತ ಮೇಲೆ ಸೂಜಿ ಪರೀಕ್ಷೆ ಮಾಡೋಣ."

ಅವರು ಒಳಗೆ ಹೋದರು. ನಾನು, ಅತ್ತೆ ಇಬ್ಬರೇ ಉಳಿದೆವು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನೆಲ ನೋಡಿಕೊಂಡು, "ಇನ್ನು ನೀವು ಏನು ಬೇಕಾದ್ರೂ ಅನ್ನಿ ಅತ್ತೆ" ಎಂದೆ.

"ಅನ್ನೋದೇನೈತಿ" ಎಂದರು. "ನಂಗ ಅವತ್ತೇ ಗೊತ್ತಿತ್ತು."

ನಾನು ತಲೆಯೆತ್ತಿದೆ.

"ತೊಟ್ಟಿಲಿಗೆ ಹಾಕಾಕ ಕೂಸಿನ್ನ ಎತ್ಕಂಡೆನಲ್ಲ, ವಾಸನೆ ಬಂತು. ಬಟ್ಟೆ ಬಿಚ್ಚಿ ನೋಡಾನ ಅನ್ನಿಸ್ತು. ಮಂದಿ ತುಂಬಿದ್ರು. ನಿಮ್ಮವ್ವನ ಮುಖ ನೋಡಿದೆ, ಪಾಪ, ಬಿಳಚಿಕೊಂಡಿತ್ತು. ಬೀಗತಿ ಮರ್ಯಾದಿ ಯಾಕ ಕಳೀಲಿ ಅಂತ ಸುಮ್ಮನಾದೆ. ಅವತ್ತು ಬಟ್ಟೆ ಬಿಚ್ಚಿದ್ರ ಒಳ್ಳೇದಿತ್ತೇನೋ. ಗಡ್ಡೆ ಬಂದಾಗ ನಂಗ ಅದೇ ನೆನಪಾತು. ಏನಾರ ಮಾಡಬೇಕಲ್ಲ ಅಂತ ಓಡಿದೆ. ತಿಳಿದಿದ್ದು ಬರೆ ಒಂದೇ."

ನನಗೆ ಅಳು ತಡೆಯಲಿಲ್ಲ. ಗಂಡನ ಮನೆಗೆ ಬಂದ ಮೇಲೆ ಮೊದಲ ಸಲ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

"ಸಾಕು ಸುಮ್ನಿರು. ನಾನೇನು ಬೂದಿ ಹಚ್ಚಿಲ್ಲೇನು? ನಿನ್ನ ಗಂಡಗೂ ಹಚ್ಚಿದ್ದೆ, ಮಗಳು ಗೌರಿಗೂ ಹಚ್ಚಿದ್ದೆ. ಅವು ಉಳದ್ವು. ಅದೇನು ನನ್ನ ಜಾಣತನ ಅಲ್ಲ" ಎಂದರು.

ಹನ್ನೆರಡು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಒಂದೇ ವಿಷಯವನ್ನು ಇಬ್ಬರೂ ಬೇರೆ ಬೇರೆಯಾಗಿ ಮುಚ್ಚಿಟ್ಟುಕೊಂಡಿದ್ದೆವು. ನಾನು ನನ್ನ ತವರಿನ ಮಾನಕ್ಕೆ, ಅವರು ನನ್ನ ತವರಿನ ಮಾನಕ್ಕೆ. ಹುಡುಗಿಯ ಹೊಟ್ಟೆಯಲ್ಲಿ ಮಾತ್ರ ಅದು ಬೆಳೆಯುತ್ತಿತ್ತು. ಈಗಲೂ ಅದನ್ನು ನೆನೆದರೆ ಕೈಗೆ ಕೆಲಸ ಹತ್ತುವುದಿಲ್ಲ.

ಒಂದು ವಾರದ ಮೇಲೆ ಸೂಜಿ ಪರೀಕ್ಷೆ ಆಯಿತು. ರಕ್ತ ನಿಂತಿತು. ಸರ್ಜನ್ ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ಯಜಮಾನರನ್ನು ಹತ್ತಿರ ಕರೆದರು. ಸ್ಪ್ಲೀನಿನಿಂದ ಹೊರಟ ಬಿಳಿಯ ಗೆರೆ ಲಿವರಿನ ಹತ್ತಿರ ಬಂದು ಥಟ್ಟನೆ ನಿಂತಿತ್ತು. ಅಲ್ಲಿಂದ ಎಳೆ ಎಳೆಯಾಗಿ ಸಣ್ಣ ಗೆರೆಗಳು ಸುತ್ತ ಹರಡಿದ್ದವು.

"ತೂಬೇ ಕಟ್ಟಿದೆ. ಲಿವರ್ ಚೆನ್ನಾಗಿದೆ" ಎಂದರು.

ಒಳ್ಳೆಯ ಸುದ್ದಿ ಎಂದರೆ ಹೀಗೂ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆಪರೇಷನ್ ಏನೆಂದರೆ, ಊದಿದ ಸ್ಪ್ಲೀನನ್ನು ತೆಗೆದು, ಅದರ ರಕ್ತನಾಳವನ್ನು ಎಡ ಮೂತ್ರಪಿಂಡದ ನಾಳಕ್ಕೆ ಸೇರಿಸಿ ಹೊಲಿಯುವುದು. ಹಿಂದೆ ನಿಂತ ರಕ್ತಕ್ಕೆ ಬೇರೊಂದು ದಾರಿ. "ಕೋಡಿ ಕಡೀತಾರ" ಎಂದು ಯಜಮಾನರು ಛತ್ರದವರಿಗೆ ವಿವರಿಸಿದರು. ನಾಳ ಹೊಲಿಯುವಷ್ಟು ದಪ್ಪ ಇರಬೇಕು, ಹೊಟ್ಟೆ ತೆರೆದ ಮೇಲೇ ಗೊತ್ತಾಗುವುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ರಕ್ತ ಬೇಕು ಎಂದಾಗ ಅತ್ತೆ ತೋಳು ಚಾಚಿ ಮೊದಲಿಗರಾಗಿ ನಿಂತರು. ವಯಸ್ಸಾಯಿತು ಬೇಡ ಎಂದರೆ, "ಮುದುಕಿ ರಕ್ತ ಅಂದ್ರ ಗಟ್ಟಿ ಇರ್ತೈತಿ, ತಗೋರಿ" ಎಂದು ನರ್ಸಿನ ಜೊತೆ ವಾದ.

ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಎರಡಾಯಿತು. ಅತ್ತೆ ಎಲೆಯಡಿಕೆ ಚೀಲವನ್ನು ಬಿಚ್ಚಲಿಲ್ಲ. ಕೊನೆಗೆ ಸರ್ಜನ್ ಹೊರಗೆ ಬಂದರು, ಮುಖವೆಲ್ಲ ಬೆವರು. "ನಾಳ ದಪ್ಪ ಇತ್ತು. ಹೊಲಿದಿದ್ದೇವೆ. ಹರಿಯುತ್ತಿದೆ" ಎಂದರು.

ಹರಿಯುತ್ತಿದೆ. ಆ ಮಾತನ್ನು ನಾನು ಎಷ್ಟು ಸಲ ನನ್ನೊಳಗೆ ಹೇಳಿಕೊಂಡೆನೋ.

ಒಂದೂವರೆ ತಿಂಗಳಿಗೆ ಊರಿಗೆ ಬಂದೆವು. ಡಾಕ್ಟರು ಪೂರ್ತಿ ಭರವಸೆ ಕೊಡಲಿಲ್ಲ. ಹೊಲಿದ ನಾಳ ಮತ್ತೆ ಕಟ್ಟಿಕೊಳ್ಳಲೂಬಹುದು. ವರ್ಷಕ್ಕೊಮ್ಮೆ ತೋರಿಸಬೇಕು, ಜ್ವರ ಬಂದರೆ ತಡಮಾಡಬಾರದು, ಕಂಡಕಂಡ ಮಾತ್ರೆ ಕೊಡಬಾರದು, ಒಳಗೆ ರಕ್ತ ಸೋರಿ ಮಲ ಕಪ್ಪಗಾದರೆ ಕೂಡಲೇ ಬರಬೇಕು. ಅಂದಿನಿಂದ ದಿನವೂ ನಾನು ಅವಳನ್ನು ಅದೊಂದೇ ಪ್ರಶ್ನೆ ಕೇಳುತ್ತೇನೆ. ಹದಿಮೂರು ವರ್ಷದವಳಿಗೆ ನಾಚಿಕೆ, ಸಿಟ್ಟು. "ಊರೋರನ್ನೆಲ್ಲ ಕರ್ಕಂಡು ಬಂದು ತೋರಿಸ್ಲಾ?" ಎನ್ನುತ್ತಾಳೆ. ನಾಲಿಗೆ ನನ್ನದೇ. ಇರಲಿ, ಬೈಯುವಷ್ಟು ಶಕ್ತಿ ಬಂದಿದೆಯಲ್ಲ. ಹೊಟ್ಟೆಯ ಮೇಲೆ ಬರೆಯ ಮೂರು ಗೆರೆಗಳ ಪಕ್ಕದಲ್ಲಿ ಈಗ ಒಂದು ಉದ್ದ ಗೆರೆ ಸೇರಿದೆ.

ಈ ಬೇಸಗೆಯಲ್ಲಿ ನನ್ನ ನಾದಿನಿ ಗೌರಿ ಚೊಚ್ಚಲ ಹೆರಿಗೆಗೆ ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಗಂಡು ಮಗು. ಅತ್ತೆ ಸೂಲಗಿತ್ತಿಯ ಎದುರಿಗೇ ಹೊಸ ಬ್ಲೇಡನ್ನು ನೀರಿನಲ್ಲಿ ಕುದಿಸಿ ಕೊಟ್ಟರು. ಹೊಕ್ಕಳಿಗೆ ಬೂದಿ ಎಂದು ಆಕೆ ಬಾಯಿ ತೆಗೆದದ್ದೇ ತಡ, "ಬೂದಿ ಪಾತ್ರೆ ಬೆಳಗಾಕ. ನನ್ನ ಮೊಮ್ಮಗಗ ಬ್ಯಾಡ" ಎಂದರು. ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ, ಅಷ್ಟೆ. ಕೈ ತೊಳೆಯದೆ ಯಾರೂ ಹತ್ತಿರ ಹೋಗುವಂತಿಲ್ಲ. ಬಾಗಿಲಲ್ಲಿ ಅತ್ತೆ.

ಹನ್ನೆರಡನೆಯ ದಿನ ಆನವಟ್ಟಿಯಿಂದ ಬೀಗರು ಹದಿನಾಲ್ಕು ಜನ ಬಸ್ಸಿನಲ್ಲಿ ಬಂದಿಳಿದರು. ತೊಟ್ಟಿಲು ಸಿಂಗಾರವಾಗಿತ್ತು. ಹೊಕ್ಕಳು ಬಿದ್ದಿರಲಿಲ್ಲ.

ಗೌರಿ ಅಳುವುದಕ್ಕೆ ತಯಾರಾಗಿದ್ದಳು. ಅತ್ತೆ ಪಡಸಾಲೆಗೆ ಹೋಗಿ ಬೀಗರ ಮುಂದೆ ನಿಂತರು.

"ಕೂಸಿನ ಹೊಕ್ಕಳು ಇನ್ನೂ ಬಿದ್ದಿಲ್ರಿ. ನಾವು ಅದಕ್ಕ ಏನೂ ಹಚ್ಚಿಲ್ಲ, ಹಚ್ಚೋದೂ ಇಲ್ಲ. ತಾನಾಗೇ ಬೀಳೋವರಿಗೂ ಎಲ್ಲಾರೂ ಇಲ್ಲೇ ಇರ್ರಿ. ಅಕ್ಕಿ ಐತಿ, ಬ್ಯಾಳಿ ಐತಿ, ಮಾಡಿ ಹಾಕಾಕ ನನ್ನ ಸೊಸಿ ಅದಾಳ."

ಬೀಗತಿ ಮೂಗು ಮುರಿದಳು. ಆದರೆ ಊಟಕ್ಕೆ ಕೂತಳು. ಹದಿನಾಲ್ಕು ಜನಕ್ಕೆ ಎರಡು ಹೊತ್ತು ರೊಟ್ಟಿ ತಟ್ಟಿ ನನ್ನ ಅಂಗೈ ಉರಿಯಿತು. ಅಷ್ಟು ಸಂತೋಷದಿಂದ ನಾನು ಎಂದೂ ರೊಟ್ಟಿ ತಟ್ಟಿರಲಿಲ್ಲ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಒಳಗಿನಿಂದ ಶಾರದೆ ಕೂಗಿದಳು. "ಅಜ್ಜೀ, ಬಿತ್ತು!"

ತೊಟ್ಟಿಲಿಗೆ ಹಾಕುವಾಗ ಮಗುವನ್ನು ಮೊದಲು ಅತ್ತೆಯೇ ಎತ್ತಿಕೊಂಡರು. ಎಲ್ಲರ ಎದುರಿಗೇ ಅಂಗಿ ಸರಿಸಿ, ಬಟ್ಟೆ ಬಿಚ್ಚಿ, ಹೊಕ್ಕಳ ಹತ್ತಿರ ಮೂಗು ತಂದು ಮೂಸಿದರು. ಆಮೇಲೆ ಮಗುವನ್ನು ನನ್ನ ಕಡೆ ಚಾಚಿದರು. ನಾನೂ ಬಗ್ಗಿ ಮೂಸಿದೆ.

ಹಾಲಿನ ವಾಸನೆ. ಬೇರೇನೂ ಇರಲಿಲ್ಲ.